ಬೆಳಗಿನ ಚಹಾ ಕೂಟಕ್ಕೆ ಮೊದಲೇ ಬೇಕ್ ಮಾಡಿಡುವ ಸಿಹಿ ತಿನಿಸುಗಳು: ಯಾವುದನ್ನು ಆರಿಸಬೇಕು, ಎಷ್ಟು ಮುಂಚೆ ಮಾಡಬೇಕು

ಬೆಳಗ್ಗೆ ಹತ್ತೂವರೆಗೆ ಅತಿಥಿಗಳು ಬರುತ್ತಾರೆ ಎಂದಾದರೆ, ಕೇಕ್ ಓವನ್‌ನಿಂದ ಹೊರಬಂದಾಗ ಎಷ್ಟು ಚೆನ್ನಾಗಿರುತ್ತದೆ ಎನ್ನುವುದಕ್ಕಿಂತ, ತಟ್ಟೆಗೆ ಬರುವ ಹೊತ್ತಿಗೆ ಹೇಗಿರುತ್ತದೆ ಎನ್ನುವುದು ಮುಖ್ಯ. ಸಂಜೆಯ ಕೂಟಕ್ಕಾದರೆ ಇಡೀ ಹಗಲು ನಮ್ಮ ಕೈಯಲ್ಲಿರುತ್ತದೆ. ಬೆಳಗಿನ ಕೂಟಕ್ಕೆ ಆ ಅನುಕೂಲವಿಲ್ಲ. ಎದ್ದು, ಮನೆ ಒಪ್ಪ ಮಾಡಿ, ಕಪ್, ಸಾಸರುಗಳನ್ನು ಜೋಡಿಸಿ, ನೀರು ಕಾಯಲು ಇಡುವಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟಿರುತ್ತಾರೆ. ಬೆಣ್ಣೆ, ಸಕ್ಕರೆ ಕಲಸುವುದಕ್ಕೆ, ಕೇಕ್ ಆರುವುದನ್ನು ಕಾಯುವುದಕ್ಕೆ ಆ ಹೊತ್ತಿನಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು?

ಆದ್ದರಿಂದ ನಾನು ಸಿಹಿಗಳನ್ನು ರುಚಿಯ ಲೆಕ್ಕದಲ್ಲಿ ವಿಂಗಡಿಸುವುದಿಲ್ಲ, ತಾಳಿಕೆಯ ಲೆಕ್ಕದಲ್ಲಿ ವಿಂಗಡಿಸುತ್ತೇನೆ. ಕೆಲವು ಇಟ್ಟಷ್ಟೂ ಹದವಾಗುತ್ತವೆ: ಶುಂಠಿ ಕೇಕ್, ಬಾಳೆಹಣ್ಣಿನ ಲೋಫ್, ಒಣಹಣ್ಣಿನ ಕೇಕ್. ಕೆಲವು ಸರಿಯಾಗಿ ಮುಚ್ಚಿಟ್ಟರೆ ಇದ್ದ ಹಾಗೆಯೇ ಇರುತ್ತವೆ: ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತು, ಬಿಸ್ಕಾಟಿ ಎಂಬ ಗಟ್ಟಿ ಬಿಸ್ಕತ್ತು, ಬ್ರೌನಿ. ಇನ್ನು ಕೆಲವು ಗಂಟೆಗಳಲ್ಲೇ ಸೊರಗುತ್ತವೆ. ಸ್ಕೋನ್ ಎಂಬ ದುಂಡನೆಯ ಸಣ್ಣ ಬನ್ ಆ ಸಾಲಿನಲ್ಲಿ ಮೊದಲನೆಯದು, ಮಫಿನ್ ಅದರ ಹಿಂದೆ. ಇವನ್ನು ಮೊದಲೇ ಬೇಯಿಸಿಡಬಾರದು. ಹಸಿಯಾಗಿ ಸಿದ್ಧಪಡಿಸಿಟ್ಟು ಬೆಳಗ್ಗೆ ಬೇಯಿಸಬೇಕು. ಮೊದಲೇ ಮಾಡಿಡುವುದು ಎಂದರೆ ಮೊದಲೇ ಬೇಯಿಸಿಡುವುದು ಎಂದೇ ಅನೇಕರು ತಿಳಿದಿರುತ್ತಾರೆ. ಬೆಳಗಿನ ಕೂಟದಲ್ಲಿ ಒಣಗಿದ ಮಫಿನ್ ಬಡಿಸಬೇಕಾಗಿ ಬರುವುದು ಬಹುಪಾಲು ಇದರಿಂದಲೇ.

ಫ್ರಿಜ್ ಯಾಕೆ ಬೇಡ

ಹೋಲಿಕೆಗೆ ಇಳಿಯುವ ಮುನ್ನ ಒಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಕೇಕ್ ಬಿರುಸಾಗುವುದಕ್ಕೆ ಅದರ ತೇವ ಆರಿಹೋಗುವುದು ಒಂದು ಕಾರಣ ಮಾತ್ರ. ಹಿಟ್ಟಿನಲ್ಲಿರುವ ಪಿಷ್ಟ ಬೇಯುವಾಗ ನೀರು ಹೀರಿ ಉಬ್ಬುತ್ತದೆ. ತಣಿದ ಮೇಲೆ ಅದರ ಎಳೆಗಳು ಮೆಲ್ಲಮೆಲ್ಲನೆ ಮತ್ತೆ ಒತ್ತಾಗಿ ಜೋಡಿಕೊಳ್ಳುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಭದ್ರವಾಗಿಟ್ಟರೂ ಇದು ನಡೆದೇ ತೀರುತ್ತದೆ, ಮತ್ತು ಅತಿ ವೇಗವಾಗಿ ನಡೆಯುವುದು ಫ್ರಿಜ್‌ನ ತಂಪಿನಲ್ಲಿ. ಕೋಣೆಯ ಉಷ್ಣತೆಯಲ್ಲಿ ಎರಡು ದಿನ ಮೆದುವಾಗಿರುವ ಬೆಣ್ಣೆ ಕೇಕ್ ಫ್ರಿಜ್‌ನಲ್ಲಿ ಒಂದೇ ರಾತ್ರಿಗೆ ಗಟ್ಟಿಯಾಗುತ್ತದೆ. ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲಿ ಮಾತ್ರ ಈ ಕ್ರಿಯೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಹಾಗಾಗಿ ಅಲಂಕಾರವಿಲ್ಲದ ಕೇಕಿಗೆ ಇರುವುದು ಎರಡೇ ಜಾಗ: ಒಂದೆರಡು ದಿನಕ್ಕಾದರೆ ಡಬ್ಬಿ, ಅದಕ್ಕಿಂತ ಹೆಚ್ಚಿಗಾದರೆ ಫ್ರೀಜರ್. ಕ್ರೀಮ್, ಕ್ರೀಮ್ ಚೀಸ್, ಕಸ್ಟರ್ಡ್ ಇರುವ ತಿನಿಸು ಕೆಡುವ ಭಯವಿರುವುದರಿಂದ ಫ್ರಿಜ್‌ಗೇ ಹೋಗಬೇಕು. ಅದರ ಮಾತು ಮುಂದೆ ಬರುತ್ತದೆ.

ಸಕ್ಕರೆ, ಜಿಡ್ಡು, ಮೊಟ್ಟೆ ಈ ಗಟ್ಟಿಯಾಗುವಿಕೆಯನ್ನು ನಿಧಾನಗೊಳಿಸುತ್ತವೆ. ಜೇನುತುಪ್ಪ, ಕಂದು ಸಕ್ಕರೆ, ಹಣ್ಣಿನ ತಿರುಳು ತೇವವನ್ನು ಹಿಡಿದಿಡುತ್ತವೆ. ಯಾವುದೇ ಪಾಕವಿಧಾನ ಕೈಗೆ ಸಿಕ್ಕರೂ ಇವು ಎಷ್ಟಿವೆ ಎಂದು ನೋಡಿದರೆ ಆ ತಿನಿಸು ನಾಳೆಗೆ ಹೇಗಿರುತ್ತದೆ ಎಂದು ಮೊದಲೇ ಊಹಿಸಬಹುದು. ಸ್ಕೋನ್‌ನಲ್ಲಿ ಸಕ್ಕರೆಯೂ ಕಡಿಮೆ, ಜಿಡ್ಡೂ ಕಡಿಮೆ. ಅದಕ್ಕೇ ಅದು ಮಧ್ಯಾಹ್ನದ ಹೊತ್ತಿಗೆ ಒಣಗುತ್ತದೆ. ಶುಂಠಿ ಕೇಕಿನಲ್ಲಿ ಎರಡೂ ಧಾರಾಳ, ಮೇಲೆ ಜೇನು ಬೇರೆ.

ಲೋಫ್ ಕೇಕುಗಳು: ಮೊದಲ ಆಯ್ಕೆ ಇಲ್ಲಿಂದಲೇ ಇರಲಿ

ಉದ್ದನೆಯ ಟಿನ್ನಿನಲ್ಲಿ ಬೇಯಿಸಿ ಹೋಳು ಮಾಡಿ ಬಡಿಸುವ ಕೇಕುಗಳು ಬೆಳಗಿನ ಚಹಾಕ್ಕೆ ಹೇಳಿ ಮಾಡಿಸಿದಂತಿವೆ. ಇವಕ್ಕೆ ಅಲಂಕಾರ ಬೇಡ, ಚಮಚ ಬೇಡ, ಕೈಯಲ್ಲಿ ಹಿಡಿದು ತಿನ್ನಬಹುದು. ದಪ್ಪನೆಯ ಗಟ್ಟಿ ಆಕಾರದಲ್ಲಿರುವುದರಿಂದ ಗಾಳಿಗೆ ಒಡ್ಡಿಕೊಳ್ಳುವ ಮೈ ಕಡಿಮೆ, ಹಾಗಾಗಿ ತೇವ ಒಳಗೇ ಉಳಿಯುತ್ತದೆ. ಅದೇ ಹಿಟ್ಟನ್ನು ಕಪ್‌ಕೇಕ್ ಮಾಡಿದರೆ ಎಲ್ಲ ಕಡೆಯಿಂದಲೂ ಬೇಗ ಒಣಗುತ್ತದೆ. ಕಪ್‌ಕೇಕ್ ನೋಡಲು ಚೆಂದ ನಿಜ. ಆದರೆ ಹಿಂದಿನ ದಿನ ಮಾಡಿಡುವುದಾದರೆ ನನ್ನ ಮತ ಲೋಫ್‌ಗೇ.

ಲೋಫ್‌ನೊಳಗೆ ಮತ್ತೆ ಬೆಣ್ಣೆಯದೋ ಎಣ್ಣೆಯದೋ ಎಂಬ ಪ್ರಶ್ನೆ ಬರುತ್ತದೆ. ಬೆಣ್ಣೆಗೆ ಪರಿಮಳವಿದೆ, ಆದರೆ ತಂಪಾದ ಕೋಣೆಯಲ್ಲಿ ಅದು ಹೆಪ್ಪುಗಟ್ಟುವುದರಿಂದ ಕೇಕೂ ಬಿಗಿಯಾದಂತೆ ಅನಿಸುತ್ತದೆ. ಎಣ್ಣೆ ಯಾವಾಗಲೂ ದ್ರವವಾಗಿಯೇ ಇರುತ್ತದೆ. ಮೂರನೆಯ ದಿನವೂ ಆ ಕೇಕ್ ಬಾಯಲ್ಲಿ ಮೆದು. ಬಾಳೆಹಣ್ಣು, ಕ್ಯಾರೆಟ್, ಮಸಾಲೆ, ಚಾಕೊಲೆಟ್ ಹೀಗೆ ತಮ್ಮದೇ ಗಟ್ಟಿ ರುಚಿಯಿರುವ ಕೇಕುಗಳಿಗೆ ಎಣ್ಣೆ ಸರಿಹೋಗುತ್ತದೆ, ಬೆಣ್ಣೆಯ ಕೊರತೆ ತಿಳಿಯುವುದಿಲ್ಲ. ಬರೀ ವೆನಿಲಾ ಕೇಕಿಗೆ, ಪೌಂಡ್ ಕೇಕಿಗೆ ಬೆಣ್ಣೆಯೇ ಆಗಬೇಕು. ಅದಿಲ್ಲದಿದ್ದರೆ ಅವುಗಳಲ್ಲಿ ಸವಿಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ನಿಂಬೆ ಲೋಫ್ ಹಿಂದಿನ ದಿನ ಮಾಡಲು ಒಳ್ಳೆಯದು. ಬಿಸಿಯಿರುವಾಗಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ನಿಂಬೆರಸ, ಸಕ್ಕರೆ ಕಲಸಿದ ಪಾಕ ಸುರಿದರೆ ಅದು ಒಳಗಿಳಿದು ಮೂರು ದಿನದ ತನಕ ತೇವ ಕಾಯುತ್ತದೆ, ಮೇಲೆ ತೆಳುವಾದ ಸಕ್ಕರೆಯ ಪೊರೆಯೂ ಕಟ್ಟುತ್ತದೆ. ಬಾಳೆಹಣ್ಣಿನ ಲೋಫ್‌ನ ರುಚಿ ಎರಡನೆಯ ದಿನಕ್ಕೆ ಕೂಡಿಕೊಳ್ಳುತ್ತದೆ. ಆದರೆ ಅದರಲ್ಲಿ ತೇವ ಹೆಚ್ಚಾದ್ದರಿಂದ ಸೆಕೆಯ ದಿನಗಳಲ್ಲಿ ಮೂರನೆಯ ದಿನದ ಹೊತ್ತಿಗೇ ಬೂಷ್ಟು ಹಿಡಿಯಬಹುದು. ಎರಡು ದಿನಕ್ಕಿಂತ ಮುಂಚೆ ಮಾಡುವುದಾದರೆ ಫ್ರೀಜರ್‌ಗೆ ಹಾಕಿ. ಜಿಡ್ಡಿಲ್ಲದ ಸ್ಪಂಜ್ ಕೇಕ್ ಮಾತ್ರ ಮರುದಿನಕ್ಕೆ ಒಣಗುತ್ತದೆ. ಪಾಕ ಸವರದೆ ಇಡುವಂತಿಲ್ಲ, ಹಾಗಾಗಿ ಈ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಒಂದೇ ಒಂದನ್ನು ಆರಿಸಿ ಎಂದರೆ ನಾನು ಯೋಚಿಸದೆ ಶುಂಠಿ ಕೇಕ್ ಎನ್ನುತ್ತೇನೆ. ಮಾಡಿದ ದಿನ ಅದು ಅಷ್ಟಕ್ಕಷ್ಟೆ: ಮೇಲ್ಮೈ ಒಣಒಣ, ಶುಂಠಿಯ ಖಾರ ಒಂದು ಕಡೆ, ಜೇನಿನ ಸಿಹಿ ಇನ್ನೊಂದು ಕಡೆ. ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿ ಎರಡು ದಿನ ಇಟ್ಟು ತೆಗೆದರೆ ಮೇಲ್ಮೈ ಮಿರುಗುತ್ತಿರುತ್ತದೆ, ಬೆರಳು ಒತ್ತಿದರೆ ತುಸು ಅಂಟುತ್ತದೆ, ಚಾಕು ಹಾಕಿದರೆ ಒಂದು ಚೂರೂ ಉದುರುವುದಿಲ್ಲ. ಜೇನು ಮತ್ತು ಕಂದು ಸಕ್ಕರೆ ಗಾಳಿಯಿಂದಲೂ ತೇವ ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ನನ್ನ ಅಳತೆ ಇದು: 225 ಗ್ರಾಂ ಮೈದಾ, 115 ಗ್ರಾಂ ಬೆಣ್ಣೆ, ಅಷ್ಟೇ ಕಂದು ಸಕ್ಕರೆ, 200 ಗ್ರಾಂ ಜೇನುತುಪ್ಪ ಅಥವಾ ಮೊಲಾಸಿಸ್ (ಕಾಕಂಬಿ) ಬೆರೆಸಿದ ಜೇನು, 2 ಮೊಟ್ಟೆ, 150 ಮಿಲಿಲೀಟರ್ ಹಾಲು, ಒಂದು ಟೀ ಚಮಚ ಬೇಕಿಂಗ್ ಸೋಡಾ, ಒಂದು ದೊಡ್ಡ ಚಮಚ ಶುಂಠಿ ಪುಡಿ, ಚಿಟಿಕೆ ಉಪ್ಪು. ಬೆಣ್ಣೆ, ಸಕ್ಕರೆ, ಜೇನನ್ನು ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಉಗುರು ಬೆಚ್ಚಗಾದ ಮೇಲೆ ಹಾಲು, ಮೊಟ್ಟೆ ಸೇರಿಸಿ, ಜರಡಿ ಹಿಡಿದ ಹಿಟ್ಟಿಗೆ ಸುರಿದು ಗಂಟಿಲ್ಲದಂತೆ ಕಲಸುವುದು. 23 ಸೆಂಟಿಮೀಟರ್ ಉದ್ದದ ಟಿನ್ನಿಗೆ ಹಾಕಿ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರಿಂದ 60 ನಿಮಿಷ ಬೇಯಿಸುವುದು. ಹಿಟ್ಟು ನೀರಾದಂತೆ ಕಂಡರೆ ಗಾಬರಿಯಾಗಿ ಮತ್ತೆ ಮೈದಾ ಸೇರಿಸಬೇಡಿ. ಈ ಕೇಕಿನ ಹಿಟ್ಟು ಇರುವುದೇ ಹಾಗೆ. ಕೂಟ ಶನಿವಾರವಿದ್ದರೆ ಗುರುವಾರ ಸಂಜೆ ಮಾಡಿದರೆ ಸರಿಹೋಗುತ್ತದೆ, ಬುಧವಾರ ಮಾಡಿದರೂ ತೊಂದರೆಯಿಲ್ಲ.

ಒಣ ತಿನಿಸುಗಳು: ಶಾರ್ಟ್‌ಬ್ರೆಡ್ ಮತ್ತು ಬಿಸ್ಕಾಟಿ

ಇವೆರಡರಲ್ಲಿ ನೀರಿನಂಶ ಬಹಳ ಕಡಿಮೆ, ಆದ್ದರಿಂದ ಬೂಷ್ಟಿನ ಭಯವೂ ಕಡಿಮೆ. ಗಾಳಿಯಾಡದ ಡಬ್ಬಿಯಲ್ಲಿ ಶಾರ್ಟ್‌ಬ್ರೆಡ್ ಒಂದು ವಾರ ಧಾರಾಳವಾಗಿ ಇರುತ್ತದೆ, ಬಿಸ್ಕಾಟಿ ಎರಡು ವಾರ. ಎರಡರ ಗುಣ ಮಾತ್ರ ಬೇರೆ ಬೇರೆ.

ಶಾರ್ಟ್‌ಬ್ರೆಡ್‌ನ ಲೆಕ್ಕ ಬಾಯಲ್ಲೇ ಇರುವಂಥದ್ದು: ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಮೊಟ್ಟೆಯಿಲ್ಲ, ಸೋಡಾ ಇಲ್ಲ. 100, 200, 300 ಗ್ರಾಂ ತೆಗೆದುಕೊಂಡರೆ 23 ಸೆಂಟಿಮೀಟರ್‌ನ ಚೌಕ ಟಿನ್ ತುಂಬುತ್ತದೆ. ಹೆಚ್ಚು ನಾದಬಾರದು, ಒತ್ತಿ ಕೂರಿಸಿದರೆ ಸಾಕು. ಫೋರ್ಕಿನಿಂದ ಚುಚ್ಚಿ 160 ಡಿಗ್ರಿಯಲ್ಲಿ ಸುಮಾರು 40 ನಿಮಿಷ, ತಿಳಿ ಹೊಂಬಣ್ಣ ಬರುವ ತನಕ. ಓವನ್‌ನಿಂದ ತೆಗೆದ ಕೂಡಲೇ, ಬಿಸಿಯಿರುವಾಗಲೇ ಚಾಕುವಿನಿಂದ ತುಂಡು ಮಾಡಿಬಿಡಬೇಕು; ಆರಿದ ಮೇಲೆ ಚಾಕು ಹಾಕಿದರೆ ಎಲ್ಲೆಂದರಲ್ಲಿ ಒಡೆಯುತ್ತದೆ. ಇಲ್ಲಿ ಬೆಣ್ಣೆಯೇ ಸರ್ವಸ್ವವಾದ್ದರಿಂದ ಅದು ತಾಜಾ ಇರಲಿ. ಫ್ರಿಜ್‌ನಲ್ಲಿ ತೆರೆದಿಟ್ಟ ಬೆಣ್ಣೆ ಪಕ್ಕದಲ್ಲಿರುವ ಈರುಳ್ಳಿಯ ವಾಸನೆಯನ್ನೆಲ್ಲ ಹೀರಿಕೊಂಡಿರುತ್ತದೆ, ಶಾರ್ಟ್‌ಬ್ರೆಡ್‌ನಲ್ಲಿ ಅದನ್ನು ಮರೆಮಾಚಲು ಯಾವ ಮಸಾಲೆಯೂ ಇರುವುದಿಲ್ಲ.

ಬಿಸ್ಕಾಟಿಯನ್ನು ಎರಡು ಸಲ ಬೇಯಿಸಬೇಕು. ಮೊದಲು ಉದ್ದನೆಯ ದಿಂಡಿನಂತೆ 175 ಡಿಗ್ರಿಯಲ್ಲಿ ಅರ್ಧ ಗಂಟೆ, ತುಸು ಆರಿದ ಮೇಲೆ ಗರಗಸದಂಥ ಹಲ್ಲಿರುವ ಚಾಕುವಿನಿಂದ ಓರೆಯಾಗಿ ಕತ್ತರಿಸಿ, 150 ಡಿಗ್ರಿಯಲ್ಲಿ ಪ್ರತಿ ಬದಿಗೆ ಹತ್ತು ನಿಮಿಷ. ಸಮಯ ಹಿಡಿಯುತ್ತದೆ, ಆದರೆ ಒಂದು ವಾರ ಮುಂಚೆಯೇ ಮುಗಿಸಿ ಮರೆತುಬಿಡಬಹುದು. ಬೆಣ್ಣೆ ಹಾಕದ ಬಿಸ್ಕಾಟಿ ಹೆಚ್ಚು ಗಟ್ಟಿ, ಹೆಚ್ಚು ತಾಳಿಕೆ. ಬೆಣ್ಣೆ ಹಾಕಿದ್ದು ಹಲ್ಲಿಗೆ ಹಗುರ, ತಾಳಿಕೆ ಸ್ವಲ್ಪ ಕಡಿಮೆ. ಚಹಾದಲ್ಲಿ ಅದ್ದಿ ತಿನ್ನುವವರಿಗೆ ಮೊದಲನೆಯದೇ ಇಷ್ಟ. ಹಿರಿಯರು, ಚಿಕ್ಕ ಮಕ್ಕಳು ಬರುವ ಕೂಟಕ್ಕೆ ಇದು ಬೇಡ, ಶಾರ್ಟ್‌ಬ್ರೆಡ್ ಇರಲಿ. ಮಳೆಗಾಲದ ಗಾಳಿಗೆ ಬಿಸ್ಕಾಟಿ ಮೆತ್ತಗಾದರೆ 150 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿಯಾಗುತ್ತದೆ. ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ನೊರೆ ಬರಿಸಿ ಬೇಯಿಸುವ ಮೆರಾಂಗ್‌ಗೆ ಹೀಗೆ ಎರಡನೆಯ ಅವಕಾಶ ಕೊಡುವುದು ಕಷ್ಟ. ಅದು ಬಹುಪಾಲು ಸಕ್ಕರೆಯೇ ಆದ್ದರಿಂದ ತೇವದ ಗಾಳಿ ಸೋಕಿದರೆ ಜಿಗುಟಾಗುತ್ತದೆ. ಒಣ ಹವೆಯ ದಿನಗಳಿಗೆ ಮಾತ್ರ ಅದು ಸರಿ.

ಗರಿಗರಿ ತಿನಿಸನ್ನೂ ಮೆದು ಕೇಕನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ತೇವ ಕೇಕಿನಿಂದ ಬಿಸ್ಕತ್ತಿಗೆ ಹರಿದು ಎರಡೂ ಹಾಳಾಗುತ್ತವೆ, ಅದೂ ಒಂದೇ ರಾತ್ರಿಯಲ್ಲಿ.

ಬ್ರೌನಿ, ನಿಂಬೆ ಬಾರ್

ಬ್ರೌನಿಯಲ್ಲಿ ಹಿಟ್ಟು ಕಡಿಮೆ, ಚಾಕೊಲೆಟ್, ಬೆಣ್ಣೆ, ಸಕ್ಕರೆ ಹೆಚ್ಚು. ಹಿಂದಿನ ದಿನ ಮಾಡುವುದು ಇಲ್ಲಿ ಬರೀ ಅನುಕೂಲಕ್ಕಲ್ಲ, ಅಗತ್ಯವೇ ಹೌದು: ಬಿಸಿ ಬ್ರೌನಿಯನ್ನು ಅಂದವಾಗಿ ಕತ್ತರಿಸಲು ಸಾಧ್ಯವಿಲ್ಲ. ಕಡ್ಡಿ ಚುಚ್ಚಿದಾಗ ಅದಕ್ಕೆ ಒದ್ದೆ ಚೂರುಗಳು ಅಂಟಿ ಬರುವಾಗಲೇ ತೆಗೆಯಬೇಕು, ಕಡ್ಡಿ ಪೂರ್ತಿ ಒಣಗಿ ಬರುವ ತನಕ ಕಾಯ್ದರೆ ಅದು ಸಾಧಾರಣ ಕೇಕ್ ಆಗಿರುತ್ತದೆ. ಚೆನ್ನಾಗಿ ಆರಿದ ಮೇಲೆ ಒಂದೆರಡು ಗಂಟೆ ಫ್ರಿಜ್‌ನಲ್ಲಿಟ್ಟು, ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಪ್ರತಿ ಗೆರೆಗೂ ಮತ್ತೆ ಒರೆಸಿ ಕತ್ತರಿಸಿದರೆ 20 ಸೆಂಟಿಮೀಟರ್‌ನ ಚೌಕದಿಂದ 16 ತುಂಡು ಬರುತ್ತವೆ. ಬೆಳಗಿನ ಹೊತ್ತಿಗೆ 25 ಮಾಡಿದರೂ ಸಾಕು, ಅಷ್ಟು ಗಾಢವಾದ ಸಿಹಿ ಯಾರಿಗೂ ದೊಡ್ಡ ತುಂಡು ಬೇಕಾಗುವುದಿಲ್ಲ. ಮೂರು ನಾಲ್ಕು ದಿನ ಡಬ್ಬಿಯಲ್ಲಿ ಹಾಯಾಗಿರುತ್ತದೆ.

ನಿಂಬೆ ಬಾರ್ ನೋಡಲು ಬಲು ಸೊಗಸು, ಆದರೆ ಅದರ ಮೇಲಿನ ನಿಂಬೆ ಕಸ್ಟರ್ಡ್ ಪದರಕ್ಕೆ ಫ್ರಿಜ್ ಬೇಕು, ಎರಡನೆಯ ದಿನಕ್ಕೆ ಕೆಳಗಿನ ಗರಿಗರಿ ಪದರ ನೆನೆಯುತ್ತದೆ. ಹಿಂದಿನ ಸಂಜೆ ಮಾಡುವುದಾದರೆ ಸರಿ, ಅದಕ್ಕಿಂತ ಮುಂಚೆ ಬೇಡ. ಪುಡಿ ಸಕ್ಕರೆಯನ್ನು ಬಡಿಸುವ ಮುನ್ನ ಉದುರಿಸಿ; ರಾತ್ರಿಯೇ ಹಾಕಿದರೆ ಬೆಳಗ್ಗೆ ಅದು ಕರಗಿ ಕಾಣದಾಗಿರುತ್ತದೆ.

ಸ್ಕೋನ್, ಮಫಿನ್, ಕುಕೀಸ್: ಬೇಯಿಸಿಡಬೇಡಿ, ಸಿದ್ಧಪಡಿಸಿಡಿ

ಸ್ಕೋನ್ ಬಗ್ಗೆ ನನಗೆ ಹಟವೇ ಇದೆ. ಹಿಂದಿನ ದಿನದ ಸ್ಕೋನ್ ಬಡಿಸುವುದಕ್ಕಿಂತ ಸ್ಕೋನ್ ಮಾಡದಿರುವುದೇ ಮೇಲು. ಆದರೆ ಬೆಳಗ್ಗೆ ಹಿಟ್ಟು ಕಲಸಿ ಅಡುಗೆಮನೆ ರಂಪ ಮಾಡಿಕೊಳ್ಳಬೇಕಾಗಿಲ್ಲ. ಒಂದು ವಾರ ಮುಂಚೆ, ಬಿಡುವಿದ್ದಾಗ, ತಣ್ಣನೆಯ ಬೆಣ್ಣೆಯನ್ನು ಹಿಟ್ಟಿನಲ್ಲಿ ಉದುರುದುರಾಗಿ ಉಜ್ಜಿ, ಹಾಲು ಸೇರಿಸಿ, ಹೆಚ್ಚು ನಾದದೆ ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ದುಂಡಗೆ ಕತ್ತರಿಸಿ. ಕತ್ತರಿಸುವ ಬಳೆಯನ್ನು ನೇರ ಕೆಳಕ್ಕೆ ಒತ್ತಿ ನೇರ ಮೇಲೆತ್ತಬೇಕು. ತಿರುಚಿದರೆ ಅಂಚು ಮುಚ್ಚಿಕೊಂಡು ಸ್ಕೋನ್ ಒಂದೇ ಕಡೆ ವಾಲಿಕೊಂಡು ಉಬ್ಬುತ್ತದೆ. ಬಿಲ್ಲೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರ್‌ನಲ್ಲಿ ಎರಡು ಗಂಟೆ ಗಟ್ಟಿಯಾಗಲು ಬಿಟ್ಟು, ಆಮೇಲೆ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ಕೂಟದ ಬೆಳಗ್ಗೆ ಓವನ್ ಬಿಸಿಯಾಗುತ್ತಿರುವಾಗ ಅವನ್ನು ಹೊರತೆಗೆದು, ಕರಗಲು ಬಿಡದೆ, ಹಾಲು ಸವರಿ 210 ಡಿಗ್ರಿಯಲ್ಲಿ ಬೇಯಿಸಿ. ಸಾಮಾನ್ಯಕ್ಕಿಂತ ನಾಲ್ಕೈದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಬೆಣ್ಣೆ ತಣ್ಣಗಿರುವುದರಿಂದ ಪದರ ಚೆನ್ನಾಗಿಯೇ ಏಳುತ್ತದೆ. ಅತಿಥಿಗಳು ಬರುವ ಹೊತ್ತಿಗೆ ಮನೆಯ ತುಂಬ ಪರಿಮಳ, ತೊಳೆಯಲು ಒಂದೇ ಟ್ರೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹೀಗೆ ಹಸಿಯಾಗಿ ಇಡುವ ಹಿಟ್ಟಿಗೆ ಉಬ್ಬಲು ಬೇಕಿಂಗ್ ಪೌಡರ್ ಇರಲಿ, ಬರೀ ಬೇಕಿಂಗ್ ಸೋಡಾ ಬೇಡ. ಸೋಡಾ ಮೊಸರು, ಮಜ್ಜಿಗೆ, ನಿಂಬೆರಸ ಸೋಕಿದ ಕೂಡಲೇ ಗುಳ್ಳೆ ಎಬ್ಬಿಸಿ ಅಲ್ಲಿಗೇ ಮುಗಿಸುತ್ತದೆ. ಎರಡು ಹಂತದಲ್ಲಿ ಕೆಲಸ ಮಾಡುವ ಬೇಕಿಂಗ್ ಪೌಡರ್ ತನ್ನ ಶಕ್ತಿಯ ಬಹುಪಾಲನ್ನು ಓವನ್‌ನ ಬಿಸಿಗೆ ಕಾಯ್ದಿಟ್ಟಿರುತ್ತದೆ.

ಮಫಿನ್ ಬೇಯಿಸಿದ ದಿನ ಅದ್ಭುತ, ಮರುದಿನ ಪರವಾಗಿಲ್ಲ ಎನ್ನುವಂಥದ್ದು. ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗಿನ ತೇವ ಮೇಲೆ ಬಂದು ನೆತ್ತಿ ಅಂಟಂಟಾಗುತ್ತದೆ. ಮೇಲೂ ಕೆಳಗೂ ಪೇಪರ್ ಟವೆಲ್ ಹಾಸಿದರೆ ಸ್ವಲ್ಪ ಸುಧಾರಣೆ. ನನಗೆ ಒಪ್ಪಿಗೆಯಾಗುವ ದಾರಿ ಬೇರೆ. ರಾತ್ರಿ ಒಣ ಸಾಮಗ್ರಿಯನ್ನು ಒಂದು ಬಟ್ಟಲಲ್ಲಿ ಅಳೆದು ಮುಚ್ಚಿಡಿ, ಹಾಲು ಮೊಟ್ಟೆ ಎಣ್ಣೆಯನ್ನು ಇನ್ನೊಂದರಲ್ಲಿ ಕಲಸಿ ಫ್ರಿಜ್‌ನಲ್ಲಿಡಿ, ಟಿನ್ನಿಗೆ ಕಾಗದದ ಬಟ್ಟಲುಗಳನ್ನು ಜೋಡಿಸಿಡಿ. ಬೆಳಗ್ಗೆ ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಸುತ್ತು ತಿರುವಿದರೆ ಮುಗಿಯಿತು, 200 ಡಿಗ್ರಿಯಲ್ಲಿ 20 ನಿಮಿಷದೊಳಗೆ ಬೇಯುತ್ತದೆ. ಅಷ್ಟೂ ಸಮಯವಿಲ್ಲದವರು ಮಫಿನ್ ಬಿಟ್ಟು ಲೋಫ್ ಕಡೆಗೆ ಹೋಗುವುದು ಒಳ್ಳೆಯದು.

ಕುಕೀಸ್ ಎರಡು ದಾರಿಗೂ ಒಗ್ಗುತ್ತದೆ. ಗರಿಗರಿ ಕುಕೀಸ್ ಬೇಯಿಸಿ ಡಬ್ಬಿಗೆ ಹಾಕಿದರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ನಡುವೆ ಮೆದುವಾಗಿ ಅಂಚು ಗರಿಯಾಗಿರಬೇಕಾದ ಚಾಕೊಲೆಟ್ ಚಿಪ್ ಕುಕೀಸ್‌ಗೆ ಮಾತ್ರ ಆ ಗುಣ ಇರುವುದು ಮೊದಲ ದಿನ. ಅದರ ಹಿಟ್ಟನ್ನು ಉಂಡೆ ಕಟ್ಟಿ ಒಂದೆರಡು ದಿನ ಫ್ರಿಜ್‌ನಲ್ಲಿಟ್ಟರೆ ಹಿಟ್ಟು ತೇವವನ್ನೆಲ್ಲ ಹೀರಿಕೊಂಡು ರುಚಿ ಗಾಢವಾಗುತ್ತದೆ, ಬೇಯುವಾಗ ಹೆಚ್ಚು ಹರಡುವುದೂ ಇಲ್ಲ. ಫ್ರೀಜರ್‌ನಲ್ಲಾದರೆ ಎರಡು ತಿಂಗಳು ಇಡಬಹುದು. ಹಾಗೆಯೇ ಟ್ರೇಗೆ ಹಾಕಿ ಒಂದೆರಡು ನಿಮಿಷ ಹೆಚ್ಚು ಬೇಯಿಸಿದರಾಯಿತು. ಹಸಿ ಹಿಟ್ಟನ್ನು ಮಕ್ಕಳು ತಿನ್ನಲು ಬಿಡಬೇಡಿ. ಹಸಿ ಮೊಟ್ಟೆಯಷ್ಟೇ ಅಲ್ಲ, ಬೇಯಿಸದ ಮೈದಾದಲ್ಲೂ ರೋಗಾಣು ಇರಬಹುದು.

ಯೀಸ್ಟ್ ಹಿಟ್ಟಿನ ದಾಲ್ಚಿನ್ನಿ ಸುರುಳಿಗಳೂ ಇದೇ ಗುಂಪಿನವು. ಸಂಜೆ ಸುತ್ತಿ, ಕತ್ತರಿಸಿ, ಟ್ರೇಯಲ್ಲಿಟ್ಟು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಯೀಸ್ಟ್ ರಾತ್ರಿಯಿಡೀ ನಿಧಾನವಾಗಿ ಕೆಲಸ ಮಾಡುತ್ತದೆ, ರುಚಿಯೂ ಏರುತ್ತದೆ. ಬೆಳಗ್ಗೆ ಒಂದು ಗಂಟೆ ಹೊರಗಿಟ್ಟು, ಮತ್ತೆ ಉಬ್ಬಿದ ಮೇಲೆ 180 ಡಿಗ್ರಿಯಲ್ಲಿ 25 ನಿಮಿಷ. ಬೇಗ ಏಳುವವರಿಗೆ ಇದರಂಥ ಸಂಭ್ರಮದ ತಿನಿಸು ಇನ್ನೊಂದಿಲ್ಲ. ಆದರೆ ಹತ್ತೂವರೆಗೆ ಬಡಿಸಬೇಕಾದರೆ ಎಂಟೂವರೆಗೆಲ್ಲ ಟ್ರೇ ಹೊರಗಿರಬೇಕು. ಕೋಣೆ ತಂಪಾಗಿದ್ದರೆ ಇನ್ನೂ ಮುಂಚೆ.

ಕ್ರೀಮ್ ಬಳಿದ ಕೇಕುಗಳು

ಕ್ಯಾರೆಟ್ ಕೇಕಿಗೆ ಕ್ರೀಮ್ ಚೀಸ್ ಇಲ್ಲದಿದ್ದರೆ ಏನೋ ಕಳೆದುಕೊಂಡಂತೆ ಎನ್ನುವವರಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಬೇಗ ಕೆಡುವ ಇಂಥ ಪದಾರ್ಥಗಳನ್ನು ಫ್ರಿಜ್‌ನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಹರಟೆ ಲಂಬಿಸುವ ಕೂಟಗಳಲ್ಲಿ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಕೇಕನ್ನು ಎರಡು ದಿನ ಮುಂಚೆ ಮಾಡಿ ಡಬ್ಬಿಯಲ್ಲಿಡಿ, ಫ್ರಾಸ್ಟಿಂಗ್ ಅನ್ನು ಬೇರೆ ಬಟ್ಟಲಲ್ಲಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಬಳಿಯಿರಿ. ಇಡೀ ಕೇಕನ್ನು ಮೊದಲೇ ಸಿಂಗರಿಸಿ ಫ್ರಿಜ್‌ನಲ್ಲಿ ಇಡಲೇಬೇಕಾದರೆ ಎಣ್ಣೆ ಹಾಕಿದ ಕೇಕನ್ನೇ ಆರಿಸಿ, ಅದು ತಂಪಿನಲ್ಲೂ ಮೆದುವಾಗಿರುತ್ತದೆ. ಎಕ್ಲೇರ್‌ನಂಥವನ್ನು ಖಾಲಿ ಕವಚ ಮಾಡಿ ಫ್ರೀಜರ್‌ನಲ್ಲಿಟ್ಟು, ಬೆಳಗ್ಗೆ ಓವನ್‌ನಲ್ಲಿ ಐದಾರು ನಿಮಿಷ ಗರಿ ಮಾಡಿ ಆರಿಸಿ ಕ್ರೀಮ್ ತುಂಬಬಹುದು. ಕೈಗೆ ಇನ್ನೊಬ್ಬರು ಸಿಕ್ಕರೆ ಮಾತ್ರ ಅದಕ್ಕೆ ಕೈ ಹಾಕಿ.

ಫ್ರೀಜರ್ ಬಳಸುವವರಿಗೆ

ಲೋಫ್, ಬ್ರೌನಿ, ಒಣಹಣ್ಣಿನ ಕೇಕ್ ಎರಡು ಮೂರು ತಿಂಗಳು ಫ್ರೀಜರ್‌ನಲ್ಲಿ ಚೆನ್ನಾಗಿಯೇ ಇರುತ್ತವೆ. ಸುತ್ತುವ ಮುನ್ನ ಪೂರ್ತಿ ಆರಿರಬೇಕು. ಒಳಗೆ ಬಿಸಿ ಉಳಿದಿದ್ದರೆ ಹಬೆ ನೀರಾಗಿ ಕೂತು ಮೇಲ್ಮೈ ಅಂಟಂಟಾಗುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಸುತ್ತು, ಅದರ ಮೇಲೆ ಫಾಯಿಲ್ ಒಂದು ಸುತ್ತು. ಹಿಂದಿನ ರಾತ್ರಿ ಹೊರತೆಗೆದಿಟ್ಟರೆ ಬೆಳಗ್ಗೆಗೆ ಸಿದ್ಧ. ಕರಗುವಾಗ ಸುತ್ತನ್ನು ಬಿಚ್ಚಬೇಡಿ, ಆಗ ನೀರಿನ ಹನಿ ಹಾಳೆಯ ಹೊರಮೈಯಲ್ಲಿ ಕೂರುತ್ತದೆ, ಕೇಕಿನ ಮೇಲಲ್ಲ. ಹೋಳು ಮಾಡಿ ಒಂದೊಂದನ್ನೂ ಬೇರೆ ಸುತ್ತಿಟ್ಟಿದ್ದರೆ ಒಂದು ಗಂಟೆಯಲ್ಲೇ ಕರಗುತ್ತದೆ, ನಿರೀಕ್ಷೆಗಿಂತ ಇಬ್ಬರು ಹೆಚ್ಚು ಬಂದರೂ ಕೈ ಕಟ್ಟುವುದಿಲ್ಲ.

ಯಾರಿಗೆ ಯಾವುದು

ಹಿಂದಿನ ದಿನದ ಒಂದೇ ಸಂಜೆ ಸಿಗುವವರಿಗೆ ನಿಂಬೆ ಲೋಫ್ ಮತ್ತು ಶಾರ್ಟ್‌ಬ್ರೆಡ್ ಸಾಕು. ಎರಡೂ 160, 165 ಡಿಗ್ರಿಯ ಆಸುಪಾಸಿನಲ್ಲೇ ಬೇಯುವುದರಿಂದ ಒಂದರ ಬೆನ್ನಿಗೆ ಒಂದನ್ನು ಓವನ್‌ಗೆ ಹಾಕಬಹುದು. ವಾರವಿಡೀ ಅಷ್ಟಷ್ಟು ಸಮಯ ಸಿಗುವವರು ವಾರದ ಮೊದಲಿಗೆ ಬಿಸ್ಕಾಟಿ, ಎರಡು ದಿನ ಮುಂಚೆ ಶುಂಠಿ ಕೇಕ್, ಮನಸ್ಸಿದ್ದರೆ ಫ್ರೀಜರ್‌ನಲ್ಲಿ ಸ್ಕೋನ್ ಎಂದು ಹಂಚಿಕೊಳ್ಳಬಹುದು. ನನ್ನ ಮೆಚ್ಚಿನ ಜೋಡಣೆ ಇದೇ: ಒಂದು ಮೆದು, ಒಂದು ಗರಿಗರಿ, ಒಂದು ಬಿಸಿಬಿಸಿ. ದೊಡ್ಡ ಗುಂಪಿಗೆ, ಇಪ್ಪತ್ತು ಮೂವತ್ತು ಮಂದಿಗೆ, ಟ್ರೇಯಲ್ಲಿ ಬೇಯಿಸಿ ಚೌಕ ಕತ್ತರಿಸುವ ಬ್ರೌನಿ, ಶಾರ್ಟ್‌ಬ್ರೆಡ್‌ಗಳೇ ಸಲೀಸು. ಒಂದೊಂದಾಗಿ ಕಟ್ಟುವ, ಸುತ್ತುವ, ತುಂಬುವ ತಿನಿಸು ಅಷ್ಟು ಜನಕ್ಕೆ ಮಾಡಹೊರಟರೆ ಕೂಟದ ಹೊತ್ತಿಗೆ ಮನೆಯವರೇ ಬಳಲಿರುತ್ತಾರೆ.

ಎಷ್ಟು ಬೇಕು ಎನ್ನುವುದಕ್ಕೆ ತಲಾ ಎರಡರಿಂದ ಮೂರು ಸಣ್ಣ ತುಂಡು ಎಂದು ಲೆಕ್ಕ ಹಿಡಿಯಿರಿ. 12 ಜನರಿಗೆ ಸುಮಾರು 30 ತುಂಡು. ಒಂದು ಲೋಫ್‌ನಿಂದ 10ರಿಂದ 12 ಹೋಳು ಬರುತ್ತವೆ, ಅವನ್ನು ಅರ್ಧ ಮಾಡಿದರೆ ಇಪ್ಪತ್ತರ ಮೇಲಾಯಿತು. ಬೆಳಗ್ಗೆ ಜನ ದೊಡ್ಡ ಹೋಳು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಅರ್ಧ ಹೋಳಾದರೆ ಎರಡು ಬಗೆಯನ್ನೂ ರುಚಿ ನೋಡುತ್ತಾರೆ. ನಾಲ್ಕು ಐದು ಬಗೆ ಮಾಡುವ ಉಮೇದು ಬಂದರೆ ತಡೆದುಕೊಳ್ಳಿ, ಎರಡು ಮೂರನ್ನು ಚೆನ್ನಾಗಿ ಮಾಡಿದರೆ ತಟ್ಟೆ ತುಂಬಿದಂತೆಯೇ ಕಾಣುತ್ತದೆ.

ಬರುವವರಲ್ಲಿ ಮೊಟ್ಟೆ ತಿನ್ನದವರಿದ್ದರೆ ಶಾರ್ಟ್‌ಬ್ರೆಡ್ ಇದ್ದ ಹಾಗೆಯೇ ಒದಗುತ್ತದೆ, ಹಾಲಿನಲ್ಲೇ ಕಲಸಿದ ಸ್ಕೋನ್ ಕೂಡ. ಬಾಳೆಹಣ್ಣಿನ ಲೋಫ್‌ನಲ್ಲಿ ಮೊಟ್ಟೆಯ ಬದಲು ಮೊಸರು ಹಾಕಿದರೂ ನಡೆಯುತ್ತದೆ, ಹಣ್ಣೇ ಅದನ್ನು ಹಿಡಿದಿಡುತ್ತದೆ. ಬಾದಾಮಿ, ವಾಲ್‌ನಟ್ ಒಗ್ಗದವರು ಬರುವುದಾದರೆ ಬೀಜ ಹಾಕಿದ ಬಿಸ್ಕಾಟಿಯನ್ನು ಬೇರೆ ತಟ್ಟೆಯಲ್ಲಿ, ಬೇರೆ ಇಕ್ಕಳದೊಂದಿಗೆ ಇಡಿ. ಅಲರ್ಜಿ ತೀವ್ರವಾಗಿದ್ದರೆ ಬೀಜವಿರುವ ಯಾವುದನ್ನೂ ಆ ದಿನ ಮಾಡಲೇಬೇಡಿ, ಚಾಕು ಮತ್ತು ಟ್ರೇಗಳಲ್ಲಿ ಉಳಿಯುವ ಪುಡಿಯೇ ಸಾಕು ತೊಂದರೆಗೆ. ಆಹ್ವಾನ ಕೊಡುವಾಗಲೇ ಈ ಒಂದು ಮಾತು ಕೇಳಿಕೊಂಡರೆ, ಏನು ಬೇಕ್ ಮಾಡಬೇಕೆಂಬ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.